ಸುಟ್ಟ ಬ್ರೆಡ್ಡಿನ ವಾರಸುದಾರರು

ಗುರುವನ್ನು ಹುಡುಕಿಕೊಂಡು ಕಾಡುಮೇಡು ಅಲೆದವರ ಕಥೆಗಳು ಬೇಕಾದಷ್ಟಿವೆ. ಗುರು ಮನೆಯೊಳಗೇ, ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ, ಮಂಡಿ ನೀವಿಕೊಳ್ಳುತ್ತ ಕೂತಿದ್ದರೆ ಶಿಷ್ಯನ ಪಾಡೇನು ಎಂದು ಮಾತ್ರ ಯಾರೂ ಹೇಳಿದಂತಿಲ್ಲ.

ಆ ಬೀದಿಯ ಬೇಕರಿಯವನಿಗೆ ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ಸಾಕಿದವಳು ಅಪ್ಪನ ಅಕ್ಕ, ಸೋದರತ್ತೆ. ಅಪ್ಪನೂ ಹೋದ ಮೇಲೆ ಒಲೆ ಇವನ ಕೈಗೆ ಬಂತು. ಒಲೆಯ ಜೊತೆಗೆ ಅತ್ತೆಯೂ ಬಂದಳು. ಎರಡರಲ್ಲಿ ಯಾವುದು ಹೆಚ್ಚು ಸುಡುತ್ತದೆ ಎಂದು ಕೇಳಿದರೆ ಅವನ ಹೆಂಡತಿ, "ಒಲೆ ರಾತ್ರಿ ಆರುತ್ತೆ" ಎನ್ನುತ್ತಿದ್ದಳು.

ಬೇಕರಿಯಲ್ಲಿ ಅತ್ತೆಗೆ ಎರಡು ಕೆಲಸ. ಒಂದು, ಉಪ್ಪಿನ ಅಳತೆ. ಪ್ರತಿ ಸಲದ ಹಿಟ್ಟಿಗೆ ಬೇಕಾದ ಉಪ್ಪನ್ನು ಪಿಂಗಾಣಿ ಬಟ್ಟಲಲ್ಲಿ ಅಳೆದು ನಾದುವ ಮೇಜಿನ ಮೂಲೆಗೆ ಇಡುವವಳು ಅವಳೇ. ಇನ್ನೊಂದು, ತೀರ್ಪು. ಮೊದಲ ತಟ್ಟೆ ಒಲೆಯಿಂದ ಹೊರಬರುತ್ತಲೇ ಒಂದು ಬ್ರೆಡ್ಡನ್ನು ಬೋರಲು ಹಾಕಿ, ಮಡಿಸಿದ ಬೆರಳಿನಿಂದ ಟಕಟಕ ಬಡಿದು ಕಿವಿಗೊಡುವಳು. ಬೆಂದ ಬ್ರೆಡ್ಡು ಖಾಲಿ ಡಬ್ಬದ ಹಾಗೆ ದನಿ ಕೊಡುತ್ತದೆ, ಹಸಿಯಿದ್ದದ್ದು ಒಳಗೊಳಗೇ ಗೊಣಗುತ್ತದೆ. ಆಮೇಲೆ ಮುರಿದು ಒಂದು ಚೂರು ಬಾಯಿಗೆ ಹಾಕಿಕೊಂಡು ಬೈಗುಳ ಶುರು ಮಾಡುವಳು. ಬೀದಿಯವರು ಅವಳಿಗೆ ಟಕಟಕ ಅತ್ತೆ ಎಂದೇ ಹೆಸರಿಟ್ಟಿದ್ದರು.

"ಇದು ಬ್ರೆಡ್ಡೇನೋ? ಬಾಗಿಲು ಮುಚ್ಚಿಕೊಳ್ದೆ ಇರೋ ಹಾಗೆ ಅಡ್ಡ ಇಡಬಹುದು."

"ನಿನ್ನೆ ಮೆತ್ತಗಾಯ್ತು ಅಂದೆ, ಇವತ್ತು ಗಟ್ಟಿ ಅಂತೀಯ!"

"ನಿನ್ನೇದು ತಲೆದಿಂಬು. ಇವತ್ತಿಂದು ಇಟ್ಟಿಗೆ. ಮಧ್ಯದಲ್ಲಿ ಬ್ರೆಡ್ಡು ಅಂತ ಒಂದು ಇರುತ್ತೆ ಕಣೋ, ನಿಮ್ಮಪ್ಪ ಮಾಡ್ತಿದ್ದ."

ಎಂದಾದರೂ ಉಪ್ಪಿನ ಬಟ್ಟಲು ಜಾಗದಲ್ಲಿಲ್ಲದಿದ್ದರೆ ಇವನು "ಉಪ್ಪೆಲ್ಲಿ?" ಎಂದು ಅರಚುವುದು, ಅವಳು "ಮುಖದ ಮೇಲೆ ಕಣ್ಣಿಲ್ವಾ?" ಎಂದು ಅರಚುವುದು. ಬೀದಿಯ ಅರ್ಧ ಜನ ಆ ಕೂಗಿಗೇ ಎದ್ದು ಹಲ್ಲುಜ್ಜುತ್ತಿದ್ದರು.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ದೂರದೂರಲ್ಲಿದ್ದ ಬೇಕರಿಯವನ ಅಕ್ಕ ಒಮ್ಮೆ ಬಂದು ಎರಡು ದಿನ ಇದ್ದಳು. ಕಿವಿ ಮುಚ್ಚಿಕೊಂಡೇ ಇದ್ದಳು. ಹೊರಡುವಾಗ ತಮ್ಮನನ್ನು ಪಕ್ಕಕ್ಕೆ ಕರೆದು, "ಗಿರಾಕಿಗಳ ಮುಂದೆ ಈ ಕೂಗಾಟ ಏನೋ? ನಿನ್ನ ಹೆಂಡತಿ ಮುಖ ನೋಡೋಕಾಗಲ್ಲ. ನಿಮ್ಮಿಬ್ಬರಿಗೂ ಆಗಿಬರಲ್ಲ ಅಂದ್ರೆ ಅತ್ತೆ ನನ್ನ ಮನೇಲಿರ್ಲಿ. ಒಂದು ರೂಮು ಖಾಲಿ ಇದೆ, ಕಿಟಕಿ ಇದೆ, ಟಿವಿ ಇದೆ. ಮುಂದಿನ ಸಲ ಬಂದಾಗ ಕರ್ಕೊಂಡೇ ಹೋಗ್ತೀನಿ" ಎಂದಳು. ಅದು ಅತ್ತೆಯ ಸ್ಟೂಲಿನವರೆಗೂ ಕೇಳಿಸಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಅಕ್ಕನ ಮಾತು ಬೇಕರಿಯವನ ಎದೆಗೆ ನಾಟಿತು. ಅತ್ತೆಯಿಲ್ಲದ ಬೇಕರಿಯನ್ನು ಅವನು ನೆನೆಸಿಕೊಂಡು ನೋಡಿದ. ಒಲೆ ಇತ್ತು, ಮೇಜು ಇತ್ತು, ಸ್ಟೂಲು ಖಾಲಿ ಇತ್ತು. ಅಕ್ಕ ಮತ್ತೆ ಬರುವುದರೊಳಗೆ ತಾನು ಬದಲಾಗಬೇಕು, ಜಗಳ ನಿಲ್ಲಬೇಕು, ಅತ್ತೆ ಇಲ್ಲೇ ಉಳಿಯಬೇಕು ಎಂದು ನಿಶ್ಚಯಿಸಿದ. ಒಳ್ಳೆಯ ನಿಶ್ಚಯವೇ. ಅದನ್ನು ಅತ್ತೆಗೆ ಒಂದು ಮಾತು ಹೇಳಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೊಂದು ಸಣ್ಣ ಹಾಲ್ ಇತ್ತು. ಅಲ್ಲಿ ಒಬ್ಬ ಬೌದ್ಧ ಭಿಕ್ಷು ವಾರಕ್ಕೊಮ್ಮೆ ಮನಸ್ಸನ್ನು ಪಳಗಿಸುವ ಪಾಠ ಹೇಳುತ್ತಿದ್ದರು. ಕೆಳಗಿನಿಂದ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು, ಮೇಲೆ ಉಸಿರಾಟದ ಪಾಠ.

"ಕಷ್ಟ ಬಂದ್ರೆ ಬಾಗಿಲಲ್ಲೇ ನಿಲ್ಲಿಸಿ ಜಗಳ ಆಡಬೇಡಿ," ಎಂದರು ಭಿಕ್ಷು. "ಒಳಗೆ ಕರೀರಿ. ಕೂರಿಸಿ ಅದಕ್ಕೊಂದು ಕೆಲಸ ಕೊಡಿ. ನಿಮ್ಮನ್ನ ಗೋಳು ಹುಯ್ಕೊಳ್ಳೋರೇ ನಿಮ್ಮ ಗುರು. ಅವರ ಸಂಕಟಾನ ಕಪ್ಪು ಹೊಗೆ ಅಂದ್ಕೊಂಡು ಉಸಿರಿನ ಜೊತೆ ಒಳಗೆ ತಗೊಳ್ಳಿ, ನಿಮ್ಮ ನೆಮ್ಮದೀನ ಅವರ ಕಡೆಗೆ ಬಿಡಿ. ಇನ್ನೊಬ್ಬರ ತಪ್ಪನ್ನ ಎತ್ತಿ ಆಡಬೇಡಿ. ತಪ್ಪು ಬಂದಾಗ ನನ್ನದೇ ಅನ್ನಿ. ಎಲ್ಲರಿಗೂ ಋಣಿಯಾಗಿರಿ, ಹೊಗಳಿಕೆ ಬಯಸಬೇಡಿ, ಮಾಡಿದ ಒಳ್ಳೇದನ್ನ ಹೇಳ್ಕೋಬೇಡಿ."

ಬೇಕರಿಯವನ ಮನಸ್ಸಿಗೆ ಇದು ಇಳಿಯಿತು. ಹೊಗೆ ಅವನಿಗೆ ಹೊಸದಲ್ಲ, ಗುರುವಿಗಂತೂ ಬರವಿರಲಿಲ್ಲ. ಮರುದಿನದಿಂದಲೇ ಹಿಟ್ಟು ನಾದುತ್ತ ಪಾಠ ಶುರುಮಾಡಿದ. ಒತ್ತುವಾಗ 'ತಪ್ಪು ನನ್ನದೇ', ಮಡಿಸುವಾಗ 'ಎಲ್ಲರಿಗೂ ಋಣಿ'. ಹಿಟ್ಟಿಗೂ ಆ ತಾಳ ಹಿಡಿಸಿದ ಹಾಗೆ ಕಂಡಿತು.

ಮೊದಲ ತಟ್ಟೆ ಬಂತು. ಟಕಟಕ.

"ತಳ ಸೀದಿದೆ. ನಿದ್ದೆ ಮಾಡ್ತಿದ್ಯಾ?"

ಅವನು ಅವಳ ಸಂಕಟವನ್ನು ಮೂಗಿನ ತುಂಬ ಎಳೆದುಕೊಂಡ. ನೆಮ್ಮದಿಯನ್ನು ಹೊರಕ್ಕೆ ಬಿಟ್ಟ. ಆಮೇಲೆ ನಕ್ಕು, "ಹೌದತ್ತೆ, ತಪ್ಪು ನನ್ನದೇ. ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್" ಎಂದ.

ಅತ್ತೆಯ ಬಾಯಲ್ಲಿದ್ದ ಚೂರು ಅಲ್ಲೇ ನಿಂತಿತು.

ಕೆಲವೇ ದಿನಗಳಲ್ಲಿ ಅವನ ತಾಳ್ಮೆ ಎಷ್ಟು ಬೆಳೆಯಿತೆಂದರೆ ಅತ್ತೆ ಬೈಯದ ಹೊತ್ತಿನಲ್ಲಿ ಅವನಿಗೆ ಕೈ ಕಟ್ಟಿಹಾಕಿದಂತಾಗುತ್ತಿತ್ತು. ಬೇಕೆಂದೇ ತಟ್ಟೆಯನ್ನು ದಡಾರನೆ ಇಟ್ಟು ಕಾಯುತ್ತಿದ್ದ. ಹೊಗಳಿಕೆಯ ಆಸೆ ಬಿಡಬೇಕೆಂದು ಭಿಕ್ಷು ಹೇಳಿದ್ದರಲ್ಲ, ಆ ಆಸೆಯನ್ನೂ ಬಿಟ್ಟ. ಬಿಟ್ಟದ್ದನ್ನು ಹೆಂಡತಿ ಗಮನಿಸಿದಳೋ ಇಲ್ಲವೋ ಎಂದು ದಿನಾ ಓರೆಗಣ್ಣಲ್ಲಿ ನೋಡುತ್ತಿದ್ದ. ಸಿಟ್ಟು ಹೋದ ಜಾಗಕ್ಕೆ ಜಂಬ ಬಂದು ಕೂತದ್ದು ಅವನಿಗೆ ತಿಳಿಯಲಿಲ್ಲ. ಅದು ಸದ್ದು ಮಾಡದೆ ಬರುವ ಬಾಡಿಗೆದಾರ.

ಇತ್ತ ಅತ್ತೆಗೆ ನಿದ್ದೆ ಹೋಯಿತು. ಒಂದು ಮಧ್ಯಾಹ್ನ, ತಟ್ಟೆ ತೊಳೆಯುತ್ತಿದ್ದ ಸೊಸೆಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತಳು.

"ಏನೇ, ಇವನಿಗೆ ಡಾಕ್ಟ್ರು ಏನಾದ್ರೂ ಹೇಳಿದಾರಾ?"

"ಇಲ್ಲತ್ತೆ. ಯಾಕೆ?"

"ಬೈದ್ರೆ ನಗ್ತಾನೆ. ಥ್ಯಾಂಕ್ಸ್ ಅಂತಾನೆ. ಬಾಡಿಗೆಯವರನ್ನ ಖಾಲಿ ಮಾಡಿಸೋ ಮುಂಚೆ ಇವನಪ್ಪಾನೂ ಹಿಂಗೇ ನಗ್ತಿದ್ದ. ಕಾಫಿ ಕುಡೀರಿ, ಕೂತ್ಕೊಳಿ, ಮಕ್ಕಳು ಹೇಗಿದಾರೆ... ವಾರ ಕಳೆಯೋದ್ರಲ್ಲಿ ಅವರ ಸಾಮಾನು ಬೀದೀಲಿ."

"ಅಯ್ಯೋ, ಅವರು ಆ ಮಹಡಿ ಮೇಲಿನ ಪಾಠಕ್ಕೆ ಹೋಗ್ತಿದಾರಲ್ಲ, ಅದಕ್ಕೇ."

ಅತ್ತೆ ಮರುದಿನವೇ ಮಂಡಿ ಹಿಡಿದುಕೊಂಡು ಸೈಕಲ್ ಅಂಗಡಿಯ ಮಹಡಿ ಹತ್ತಿದಳು. ಭಿಕ್ಷು ಹಾಲ್ ಗುಡಿಸುತ್ತಿದ್ದರು.

"ಸ್ವಾಮಿ, ನಮ್ಮ ಹುಡುಗನಿಗೆ ಏನು ಮಾಡಿದ್ರಿ?"

"ಏನಾಯ್ತಮ್ಮ?"

"ಬೈದ್ರೆ ನಗ್ತಾನೆ."

"ಒಳ್ಳೇದಲ್ವಾ?"

"ನಿಮಗೆ ಒಳ್ಳೇದು. ನಿಮಗೇನು, ಮನೇಲಿ ಬೈಯೋಕೂ ಯಾರಿಲ್ಲ, ಬೈಸ್ಕೊಳ್ಳೋಕೂ ಯಾರಿಲ್ಲ."

ಭಿಕ್ಷು ಪೊರಕೆ ಗೋಡೆಗೆ ಒರಗಿಸಿ ಯೋಚಿಸಿದರು. "ಹಾಗಾದ್ರೆ ಅವನ ನಗೂನೇ ಈಗ ನಿಮ್ಮ ಕಷ್ಟ. ಅದನ್ನೇ ಗುರು ಅಂತ ಇಟ್ಕೊಳ್ಳಿ. ಅವನ ತಪ್ಪು ಎತ್ತಿ ಆಡಬೇಡಿ. ತಪ್ಪು ಬಂದ್ರೆ ನಂದೇ ಅನ್ನಿ. ಮನಸ್ಸು ಹಗುರಾಗುತ್ತೆ."

ಮದ್ದು ಒಳ್ಳೆಯದೇ. ಆದರೆ ರೋಗಿಗೆ ನೋವೆಲ್ಲಿ ಎಂದು ಭಿಕ್ಷುವೂ ಕೇಳಲಿಲ್ಲ. ಅತ್ತೆಗೆ ಮನಸ್ಸು ಹಗುರಾಗುವುದು ಬೇಕಿರಲಿಲ್ಲ. ಆ ಮನೆಯಲ್ಲಿ ಉಳಿಯುವುದು ಬೇಕಿತ್ತು. ಮೆಟ್ಟಿಲಿಳಿಯುತ್ತ ಅವಳು ಲೆಕ್ಕ ಹಾಕಿದ್ದು ಇಷ್ಟೇ: ಮನೆಗೆ ಹೊಸ ಕಾನೂನು ಬಂದಿದೆ, ಬೈಯುವವರಿಗೆ ಇನ್ನು ಜಾಗವಿಲ್ಲ, ಉಳಿಯಬೇಕಾದರೆ ಬಾಯಿಗೆ ಬೀಗ ಹಾಕಬೇಕು.

ಹಾಕಿದಳು. ಮೊಸರಲ್ಲೂ ಕಲ್ಲು ಹುಡುಕುತ್ತಿದ್ದವಳು ಬ್ರೆಡ್ಡಿನಲ್ಲಿ ನಿಜವಾಗಿ ಕಲ್ಲು ಸಿಕ್ಕಿದರೂ ಮೆಲ್ಲಗೆ ಸೆರಗಿಗೆ ಹಾಕಿಕೊಳ್ಳತೊಡಗಿದಳು. ಬೇಕರಿಯವನು ತನ್ನ ಸಾಧನೆ ಫಲ ಕೊಟ್ಟಿತೆಂದು ಹಿಗ್ಗಿದ. ಬೀದಿಯವರು ತಡವಾಗಿ ಎದ್ದು ಬಸ್ಸು ತಪ್ಪಿಸಿಕೊಂಡರು. ಮೊದಲೆರಡು ದಿನ ಸಂತೋಷಪಟ್ಟ ಹೆಂಡತಿ ಆಮೇಲೆ, "ಆಸ್ಪತ್ರೆ ವಾರ್ಡಲ್ಲಿ ಇದ್ದ ಹಾಗಿದೆ ರೀ. ಯಾರಾದ್ರೂ ಒಂದು ಸಲ ಕೆಮ್ಮಿ" ಎಂದಳು.

ಒಂದು ಸಂಜೆ ಬೇಕರಿಯವನು ಅಕ್ಕನಿಗೆ ಫೋನ್ ಮಾಡಿದ. "ಬಂದು ನೋಡಕ್ಕ, ನಾವೀಗ ಹೇಗಿದೀವಿ ಅಂತ. ಆಮೇಲೆ ಕರ್ಕೊಂಡು ಹೋಗೋ ಮಾತೇ ಎತ್ತಲ್ಲ ನೀನು." ಅಕ್ಕ ಒಪ್ಪಿದಳು. ಅವನು ಅತ್ತೆಗೆ, "ಅಕ್ಕ ಬರ್ತಾಳಂತೆ, ನಾಳೆ ಬೆಳಗಿನ ಬಸ್ಸಿಗೆ" ಎಂದಷ್ಟೇ ಹೇಳಿದ. ತಾನು ಮಾಡುವ ಒಳ್ಳೆಯದನ್ನು ಹೇಳಿಕೊಳ್ಳಬಾರದೆಂದು ಪಾಠವಿತ್ತಲ್ಲ. ಹೇಳಿ ನಕ್ಕ.

ಅತ್ತೆ, "ಹೌದಾ, ಬರ್ಲಿ" ಎಂದಳು. ಒಳಗೆ ಹೋಗಿ ಎರಡು ಸೀರೆ, ಮಾತ್ರೆಯ ಡಬ್ಬಿ, ತಮ್ಮನ ಕಾಲದ ಬ್ರೆಡ್ ಚಾಕು ಬ್ಯಾಗಿಗೆ ಹಾಕಿಕೊಂಡಳು.

ಬೆಳಗಾಯಿತು. ಬೇಕರಿಯವನು ಹಿಟ್ಟಿಗೆ ನೀರು ಬೆರೆಸಿ ಕೈಚಾಚಿದರೆ ಮೇಜಿನ ಮೂಲೆಯಲ್ಲಿ ಉಪ್ಪಿನ ಬಟ್ಟಲಿಲ್ಲ. ಬಾಯಿ ತೆರೆದ. ಮುಚ್ಚಿದ. ಇನ್ನೊಬ್ಬರ ತಪ್ಪು ಎತ್ತಿ ಆಡಬಾರದು. ಬಹುಶಃ ಅವಳೇ ಹಿಟ್ಟಿಗೆ ಬೆರೆಸಿರಬೇಕು, ನಂಬಿಕೆಯೂ ಒಂದು ಸಾಧನೆಯೇ. ನಾದತೊಡಗಿದ. ಉಪ್ಪಿಲ್ಲದ ಹಿಟ್ಟು ಜೋಲುಬಿದ್ದು ಬೆರಳಿಗೆಲ್ಲ ಅಂಟುತ್ತದೆ, ಎಂದಿಗಿಂತ ಬೇಗ ಉಬ್ಬುತ್ತದೆ. ಅವನ ಕೈಗೆ ಎಲ್ಲ ತಿಳಿಯಿತು. ಕೈ ಹೇಳಿದ್ದನ್ನು ಮನಸ್ಸು ತಾಳ್ಮೆಯಿಂದ ಸಹಿಸಿಕೊಂಡಿತು.

ಮೊದಲ ತಟ್ಟೆ ಹೊರಬಂತು. ಅತ್ತೆ ಬಡಿದಳು, ಮುರಿದಳು, ಬಾಯಿಗೆ ಹಾಕಿಕೊಂಡಳು. ಹತ್ತಿ ಅಗಿದಂತಿತ್ತು. ತಿರುಗಿ ನೋಡಿದರೆ ಪಿಂಗಾಣಿ ಬಟ್ಟಲು ಉಪ್ಪು ತುಂಬಿಕೊಂಡು ಅವಳ ಕಪಾಟಿನಲ್ಲೇ ಇದೆ. ಬ್ಯಾಗಿನ ಚಿಂತೆಯಲ್ಲಿ ಇಡುವುದೇ ಮರೆತಿದ್ದಳು. ಇವನಾದರೂ ಕೇಳಬೇಕಿತ್ತಲ್ಲ! ಬೈಗುಳ ನಾಲಿಗೆಯ ತುದಿಗೆ ಬಂತು. ಕೊನೆಯ ದಿನ ಯಾಕೆ ಎಂದು ನುಂಗಿಕೊಂಡಳು.

"ಚೆನ್ನಾಗಿದೆ ಮಗಾ," ಎಂದಳು.

ಆ ಬೇಕರಿಯ ಗೋಡೆಗಳು ಆ ಮಾತನ್ನು ಎಂದೂ ಕೇಳಿರಲಿಲ್ಲ. ಗಲ್ಲಾದಲ್ಲಿದ್ದ ಹೆಂಡತಿ ತಲೆಯೆತ್ತಿ ನೋಡಿದಳು. ಬೇಕರಿಯವನ ಕಣ್ಣು ತುಂಬಿ ಬಂತು. ಅದೇ ಸಂಭ್ರಮದಲ್ಲಿ ಒಂದು ಬುಟ್ಟಿ ಬ್ರೆಡ್ಡನ್ನು ಭಿಕ್ಷುವಿಗೆಂದು ಮಹಡಿಗೆ ಕಳಿಸಿಕೊಟ್ಟ. ಆಮೇಲೆ ಎರಡನೆಯ ತಟ್ಟೆಯನ್ನು ಒಲೆಗೆ ತಳ್ಳಿದ.

ಗಿರಾಕಿಗಳು ವಾಪಸು ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೊದಲು ಬಂದವನು ಪಕ್ಕದ ಕ್ಷೌರದಂಗಡಿಯವನು, ಕೈಯಲ್ಲಿ ಕಚ್ಚಿದ ಬ್ರೆಡ್ಡು.

"ಉಪ್ಪು ತಿಂದವನು ನೀರು ಕುಡೀಬೇಕು ಅಂತಾರೆ. ನಿಮ್ಮ ಬ್ರೆಡ್ಡು ತಿಂದವನಿಗೆ ನೀರೂ ಬೇಡ ಬಿಡಿ! ಏನು ಟಕಟಕ ಅತ್ತೆ, ಇವತ್ತು ನಾಲಿಗೆಗೆ ರಜಾನಾ?"

ಅವನ ಹಿಂದೆ ಇಸ್ತ್ರಿಯವಳು, ಇಸ್ತ್ರಿಯವಳ ಹಿಂದೆ ಮೇಷ್ಟ್ರು. ಬೇಕರಿಯವನು ಕೈಜೋಡಿಸಿದ. "ಕ್ಷಮಿಸಿ. ತಪ್ಪು ನನ್ನದೇ."

"ಅಲ್ಲ," ಎಂದಳು ಅತ್ತೆ ಸ್ಟೂಲಿನಿಂದ ಎದ್ದು. "ಬಟ್ಟಲು ಇಡದೆ ಇದ್ದೋಳು ನಾನು. ತಪ್ಪು ನಂದು."

"ಇಲ್ಲತ್ತೆ, ಬಟ್ಟಲಿಲ್ಲ ಅಂತ ನೋಡೀನೂ ಕೇಳ್ಲಿಲ್ಲ ನಾನು. ನಂದು."

"ಬಾಯಿಗೆ ಹಾಕ್ಕೊಂಡು ನೋಡಿ ಚೆನ್ನಾಗಿದೆ ಅಂದೋಳು ನಾನಲ್ವೇನೋ? ನಂದು!"

"ಬೇಕರಿ ಯಾರದು? ಜವಾಬ್ದಾರಿ ಯಾರದು? ನಂದು ಅಂದ್ರೆ ನಂದು!"

"ನೀನು ಹುಟ್ಟೋಕೆ ಮುಂಚಿಂದ ಉಪ್ಪು ಅಳೀತಿದೀನಿ ನಾನು! ನನ್ನ ತಪ್ಪು ಕಿತ್ಕೊಳ್ಳೋಕೆ ನೀನ್ಯಾವನೋ?"

"ನಿಂಗೆ ಯಾವಾಗಲೂ ನಿಂದೇ ಆಗ್ಬೇಕು! ಒಂದು ತಪ್ಪನ್ನಾದ್ರೂ ನಂಗೆ ಬಿಟ್ಟುಕೊಡ್ತೀಯಾ?"

ಪರರ ವಸ್ತುವಿಗೆ ಜನ ಹೊಡೆದಾಡುವುದನ್ನು ಬೀದಿ ನೋಡಿತ್ತು. ತಪ್ಪಿಗಾಗಿ ಹೊಡೆದಾಟ ಇದೇ ಮೊದಲು. ಬಸ್ಸಿಗೆ ಹೊರಟವರೂ ನಿಂತರು. ಕ್ಷೌರದವನು, "ಇಬ್ಬರೂ ಅರ್ಧರ್ಧ ತಗೊಳ್ಳಿ" ಎಂದು ಪಂಚಾಯಿತಿಗೆ ಬಂದವನು ಇಬ್ಬರಿಂದಲೂ ಬೈಸಿಕೊಂಡ. ಭಿಕ್ಷು ಹೇಳಿಕೊಟ್ಟ ಮಾತುಗಳೇ, ಒಂದೂ ಬದಲಾಗಿರಲಿಲ್ಲ. ಹೇಳುತ್ತಿದ್ದ ಗಂಟಲುಗಳೂ ಹಳೆಯವೇ.

ಕೊನೆಗೆ ಅತ್ತೆಯ ದನಿ ಒಡೆಯಿತು. "ಬಿಡೋ! ಹೋಗೋ ದಿನ ಆದ್ರೂ ಈ ಮನೇಲಿ ನಂದು ಅಂತ ಒಂದು ಇರ್ಲಿ, ಬಿಡೋ."

"ಹೋಗೋ ದಿನ? ಎಲ್ಲಿಗೆ?"

"ನಿನ್ನ ಅಕ್ಕ ಯಾಕೆ ಬರ್ತಿದಾಳೆ ಅಂತ ಗೊತ್ತಿಲ್ವಾ ನಂಗೆ? ಬ್ಯಾಗು ಕಟ್ಟಿಟ್ಟಿದೀನಿ. ತಿಂಗಳಿಂದ ಥ್ಯಾಂಕ್ಸು, ತಿಂಗಳಿಂದ ನಗು... ಮನೆಯವರಿಗೆ ಯಾರಾದ್ರೂ ಹಾಗೆ ನಗ್ತಾರೇನೋ? ಹಾಗೆ ನಗೋದು ಹೊರಡೋರಿಗೆ."

ಬೇಕರಿಯವನು ಅವಳ ಮುಖ ನೋಡಿದ. ತಿಂಗಳಿಂದ ದಿನಾ ಬೆಳಿಗ್ಗೆ ಅವಳ ಸಂಕಟವನ್ನು ಉಸಿರಿನಲ್ಲಿ ಎಳೆದುಕೊಳ್ಳುತ್ತಿದ್ದೇನೆಂದು ಅವನು ತಿಳಿದಿದ್ದ. ಆ ಸಂಕಟ ಏನೆಂದು ಒಮ್ಮೆಯೂ ಕೇಳಿರಲಿಲ್ಲ. ಈಗ ತಾನಾಗಿ ಒಂದು ಉಸಿರು ಒಳಗೆ ಹೋಯಿತು. ಅದರಲ್ಲಿ ನಿಜವಾದ ಕಪ್ಪು ಹೊಗೆ ಇತ್ತು. ಅವನಿಗೆ ಕೆಮ್ಮು ಬಂತು.

"ರೀ, ಒಲೆ!" ಎಂದು ಹೆಂಡತಿ ಕೂಗಿದಳು.

ಎರಡನೆಯ ತಟ್ಟೆ ಇದ್ದಿಲಾಗಿತ್ತು. ಅಂಗಡಿ ತುಂಬ ಹೊಗೆ, ಹೊಗೆಯೊಳಗೆ ಕೆಮ್ಮುವ ಗಿರಾಕಿಗಳು. ಅವರ ನಡುವಿನಿಂದ ದಾರಿ ಮಾಡಿಕೊಂಡು, ಮೂಗಿಗೆ ಸೆರಗು ಹಿಡಿದು, ಅಕ್ಕ ಒಳಗೆ ಬಂದಳು.

"ಇದೇನಾ ನೀನು ಫೋನಲ್ಲಿ ಹೇಳಿದ ಶಾಂತಿ? ಬೀದಿ ಕೊನೇವರೆಗೂ ಕೇಳ್ತಿದೆ!" ಗಲ್ಲಾದ ಪಕ್ಕದಲ್ಲಿದ್ದ ಬ್ಯಾಗು ಅವಳ ಕಣ್ಣಿಗೆ ಬಿತ್ತು. ಎತ್ತಿಕೊಂಡಳು. "ಅತ್ತೆಗೇ ಗೊತ್ತಾಗಿದೆ ನೋಡು. ನಡಿ ಅತ್ತೆ."

ಅತ್ತೆ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಇಟ್ಟಳು.

ಬೇಕರಿಯವನಿಗೆ ಪಾಠವೆಲ್ಲ ನೆನಪಿತ್ತು. ನಗಬೇಕು, ನಮಸ್ಕರಿಸಬೇಕು, ಎಲ್ಲರಿಗೂ ಋಣಿ ಎನ್ನಬೇಕು. ಅವನು ಮೇಜಿನ ಮೂಲೆಯನ್ನು ಅಂಗೈಯಿಂದ ಬಡಿದ.

"ಉಪ್ಪೆಲ್ಲಿ?" ಎಂದು ಅರಚಿದ. "ಮೂರನೇ ತಟ್ಟೆಗೆ ಹಿಟ್ಟು ಕಲಸಬೇಕು, ಉಪ್ಪಿನ ಬಟ್ಟಲೆಲ್ಲಿ? ಬೆಳಿಗ್ಗೆಯಿಂದ ಕೇಳ್ತಿದೀನಿ!"

ಬೆಳಿಗ್ಗೆಯಿಂದ ಅವನು ಕೇಳಿರಲಿಲ್ಲ. ತಿಂಗಳಿಂದಲೇ ಏನನ್ನೂ ಕೇಳಿರಲಿಲ್ಲ. ಅತ್ತೆ ನಿಂತಳು. ಅವಳ ಮುಖದ ಮೇಲೆ ಏನೋ ಹಾದುಹೋಯಿತು. ಬಾಗಿಲಿಗೆ ಹಾಕಿದ್ದ ಚಿಲಕ ಒಳಗಿನಿಂದ ಸರಿದಂತೆ.

"ಮುಖದ ಮೇಲೆ ಕಣ್ಣಿಲ್ವಾ?" ಎಂದಳು. ದನಿ ಇನ್ನೂ ಸಣ್ಣದಿತ್ತು. ಎರಡನೆಯ ಉಸಿರಿಗೆ ಸರಿಹೋಯಿತು. "ಕಪಾಟಲ್ಲಿದೆ, ತಗೊಳ್ಳೋಕೆ ಕೈಗೇನಾಗಿದೆ? ಹಿಟ್ಟು ಬೆರಳಿಗೆ ಅಂಟಿದಾಗ ಉಪ್ಪಿಲ್ಲ ಅಂತ ಗೊತ್ತಾಗ್ಲಿಲ್ವಾ? ನಿಮ್ಮಪ್ಪನ ಮಗನೇನೋ ನೀನು? ಏ, ಆ ಬ್ಯಾಗು ಇಡೇ ಅಲ್ಲಿ, ಅದ್ರಲ್ಲಿ ಚಾಕು ಇದೆ!"

ಅಕ್ಕ ಬ್ಯಾಗು ಹಿಡಿದುಕೊಂಡೇ ನಿಂತಳು. "ಜಗಳ ನಿಂತಿದೆ ಅಂದಿದ್ನಲ್ಲ ಇವನು?"

"ನಿಂತಿತ್ತು," ಎಂದಳು ಹೆಂಡತಿ ಕಣ್ಣೊರೆಸಿಕೊಳ್ಳುತ್ತ. ಹೊಗೆಗೋ ಏನೋ. "ಕೂತ್ಕೊಳ್ಳಿ ಅಕ್ಕ, ಇವರದ್ದು ಈಗ ಶುರುವಾಗಿದೆ. ಕಾಫಿ ಮಾಡ್ತೀನಿ."

ಸಂಜೆ ಭಿಕ್ಷು ಖಾಲಿ ಬುಟ್ಟಿ ವಾಪಸು ಕೊಡಲು ಬಂದರು. ಅತ್ತೆ ಕಾದಿದ್ದಳು.

"ಸ್ವಾಮಿ, ಎಲ್ಲಾ ತಿಂದ್ರಾ?"

"ತಿಂದೆನಮ್ಮ."

"ಉಪ್ಪಿಲ್ಲ ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ನಮ್ಮ ತಾಳ್ಮೆ ಪರೀಕ್ಷೆ ಮಾಡೋಕೆ ಕಳಿಸಿದೀರೇನೋ ಅಂದ್ಕೊಂಡೆ."

"ಉಪ್ಪಿಲ್ಲ ಅಂತ ಒಬ್ಬರ ಕೈಲಿ ಹೇಳಿ ಕಳಿಸಿದ್ದಿದ್ರೆ ಬೀದಿಯೆಲ್ಲ ಉಳೀತಿತ್ತು!"

ಭಿಕ್ಷು ಸುಟ್ಟ ತಟ್ಟೆಯನ್ನು ನೋಡಿದರು, ಸ್ಟೂಲಿನ ಕೆಳಗಿದ್ದ ಬ್ಯಾಗನ್ನು ನೋಡಿದರು. "ಅವತ್ತು ಮಹಡಿ ಹತ್ತಿ ಬಂದಾಗ ನಿಮಗೆ ಭಯ ಏನು ಅಂತ ಕೇಳಬೇಕಿತ್ತು. ಕೇಳ್ಲಿಲ್ಲ. ತಪ್ಪು ನನ್ನದೇ" ಎಂದರು.

"ಬಂದ್ರಪ್ಪ ಇನ್ನೊಬ್ಬರು!" ಎಂದಳು ಅತ್ತೆ. "ಸಾಲಲ್ಲಿ ನಿಲ್ಲಿ ಸ್ವಾಮಿ, ನಾವಿಬ್ಬರು ಮುಂಚೆ ಬಂದಿದೀವಿ." ಎದ್ದುಹೋಗಿ ಇದ್ದಿಲಾದ ಬ್ರೆಡ್ಡುಗಳನ್ನು ಅದೇ ಬುಟ್ಟಿಗೆ ತುಂಬಿದಳು. "ಲೋಕದ ಕಪ್ಪನ್ನೆಲ್ಲ ಒಳಗೆ ತಗೊಳ್ಳಿ ಅಂತೀರಂತಲ್ಲ. ತಗೊಳ್ಳಿ."

ಭಿಕ್ಷು ನಕ್ಕರು. ನಗುನಗುತ್ತಲೇ ಬುಟ್ಟಿ ಎತ್ತಿಕೊಂಡರು. ಮಹಡಿಯ ಮೇಲೆ ಅವರು ಆ ಕಪ್ಪನ್ನು ಚಾಕುವಿನಿಂದ ಕೆರೆದು, ಒಳಗೆ ಉಳಿದಿದ್ದ ಒಂದಿಷ್ಟು ಬಿಳಿಯನ್ನು ಹಾಲಿಗೆ ಅದ್ದಿಕೊಂಡು ತಿಂದರೆಂದು ಸೈಕಲ್ ಅಂಗಡಿಯವನು ಆಮೇಲೆ ಹೇಳಿದ.

ಬೇಕರಿಯವನು ಪಾಠಕ್ಕೆ ಹೋಗುವುದನ್ನು ಬಿಡಲಿಲ್ಲ. ಮರುದಿನ ಬೆಳಿಗ್ಗೆಯೂ ಒತ್ತುತ್ತ ಮಡಿಸುತ್ತ ಅದೇ ಮಾತುಗಳನ್ನು ಹೇಳಿಕೊಂಡ. ಬಟ್ಟಲು ಮೇಜಿನ ಮೂಲೆಯಲ್ಲಿತ್ತು. ಮೊದಲ ತಟ್ಟೆ ಬಂತು. ಅತ್ತೆ ಬೋರಲು ಹಾಕಿ ಬಡಿದಳು. ಖಾಲಿ ಡಬ್ಬದ ಹಾಗೆ ಸ್ಪಷ್ಟ ದನಿ.

"ಹಸಿ," ಎಂದಳು.

ಅವನು ಒಮ್ಮೆ ಉಸಿರು ಒಳಗೆಳೆದುಕೊಂಡ. ಬಿಸಿ ಬ್ರೆಡ್ಡಿನ ವಾಸನೆಯಿತ್ತು, ಅವಳ ಮಂಡಿಯೆಣ್ಣೆಯ ವಾಸನೆಯೂ ಇತ್ತು. ಮೆಲ್ಲಗೆ ಹೊರಕ್ಕೆ ಬಿಟ್ಟ.

"ಬೆಂದಿದೆ!" ಎಂದು ಕೂಗಿದ.

"ಹಸಿ ಅಂದ್ರೆ ಹಸಿ! ನನ್ನ ಕಿವಿಗೇ ಹೇಳ್ತೀಯಾ?"

ಒಳಗಿನ ಕೋಣೆಯಲ್ಲಿ ಮಲಗಿದ್ದ ಅಕ್ಕ ಹೊದಿಕೆಯನ್ನು ಕಿವಿಯ ಮೇಲೆ ಎಳೆದುಕೊಂಡಳು. ಹೆಂಡತಿ ಶಟರ್ ಎತ್ತಿದಳು. ಬೀದಿಯಲ್ಲಿ ಒಂದೊಂದೇ ಕಿಟಕಿ ತೆರೆದು, ಜನ ಹಲ್ಲುಜ್ಜತೊಡಗಿದರು.